ಎರಡನೇ ಸ್ಟೇಜಿನಲ್ಲಿ ಇಳಿದವನು

ಧಾರಾವಾಹಿಯ ಆ ಹೆಂಗಸು ಕಾಗದವನ್ನು ಕನ್ನಡಕದ ಡಬ್ಬಿಯಲ್ಲಿ ಯಾಕೆ ಇಟ್ಟಳು ಎನ್ನುವುದು ಮಾತ್ರ ಚಲುವರಾಜುವಿಗೆ ಬಗೆಹರಿಯಲಿಲ್ಲ. ಮಿಕ್ಕಿದ್ದನ್ನೆಲ್ಲ ಅವನು ಬೆಳಿಗ್ಗೆ ಎಂಟು ಗಂಟೆಗೇ ಬಗೆಹರಿಸಿ ಬಳಗಕ್ಕೆ ಹಾಕಿಯಾಗಿತ್ತು. ಶ್ರೀನಗರ ವೀಕ್ಷಕರ ಬಳಗ ಎಂಬ, ಬಡಾವಣೆಯ ಅರವತ್ನಾಲ್ಕು ಜನರ ವಾಟ್ಸಾಪ್ ಗುಂಪಿನಲ್ಲಿ, ಹಿಂದಿನ ಸಂಜೆಯ ಧಾರಾವಾಹಿಗಳ ಮೇಲೆ ದಿನಾ ಬೆಳಿಗ್ಗೆ ಅಭಿಪ್ರಾಯ ಬರೆಯುವುದು ನಿವೃತ್ತಿಯಾದ ಮೇಲೆ ಅವನಿಗೆ ಉಳಿದಿದ್ದ ಒಂದೇ ಡ್ಯೂಟಿ. ಮೂವತ್ನಾಲ್ಕು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನಿಗೆ ಐದಕ್ಕೆ ಇಷ್ಟು ನಕ್ಷತ್ರ ಎಂದು ಕೊಡುವ ಪದ್ಧತಿ ಒಗ್ಗಲಿಲ್ಲ. ಸಂಚಿಕೆಯನ್ನು ಒಂದು ಬಸ್ಸು ಎಂದುಕೊಂಡರೆ ತಾನು ಬೇಸತ್ತು ಯಾವ ಸ್ಟೇಜಿನಲ್ಲಿ ಇಳಿದೆ ಎನ್ನುವುದೇ ಅವನು ಕೊಡುವ ಅಂಕ. ಒಂದನೇ ಸ್ಟೇಜಿನಲ್ಲಿ ಇಳಿದೆ ಎಂದರೆ ಸಂಚಿಕೆ ದರಿದ್ರ. ಲಾಸ್ಟ್ ಸ್ಟಾಪಿನವರೆಗೂ ಕೂತಿದ್ದೆ ಎಂದು ಅವನು ನಾಲ್ಕು ವರ್ಷದಲ್ಲಿ ಬರೆದದ್ದು ಒಂದೇ ಸಲ, ಅದೂ ಧಾರಾವಾಹಿಗಲ್ಲ, ಹೆಂಗಸೊಬ್ಬಳು ಅಳದೆ ಬಸ್ಸಾರು ಮಾಡಿ ತೋರಿಸಿದ ಅಡುಗೆ ಕಾರ್ಯಕ್ರಮಕ್ಕೆ. ಅವನ ಬರಹಕ್ಕೆ ಕಾದು ಕೂರುವವರಿದ್ದರು. ಅವನ ಬಸ್ಸಿಗೆ ಹದಿನಾರು ವರ್ಷ ಡ್ರೈವರಾಗಿದ್ದ, ಈಗ ಬಳಗದ ಅಡ್ಮಿನ್ ಆಗಿರುವ ಬೈರಣ್ಣನಂತೂ ಪ್ರತಿ ಬರಹದ ಕೆಳಗೆ ಮೂರು ನಗುಮುಖ ಒತ್ತಿಯೇ ಹಲ್ಲುಜ್ಜಲು ಹೋಗುತ್ತಿದ್ದ.

ಅವನಿಗೆ ಯಾರ ಮುಲಾಜೂ ಇರಲಿಲ್ಲ. ಪೊಲೀಸ್ ಧಾರಾವಾಹಿಯ ಇನ್ಸ್‌ಪೆಕ್ಟರ್ ಬನಶಂಕರಿಯಿಂದ ಹೊರಟು ಸಿಲ್ಕ್ ಬೋರ್ಡ್ ಸಿಗ್ನಲನ್ನು ಮೂರು ನಿಮಿಷದಲ್ಲಿ ದಾಟಿ ಮಡಿವಾಳದ ಲಾಡ್ಜಿನಲ್ಲಿ ಅಡಗಿದ್ದ ಕಳ್ಳನನ್ನು ಹಿಡಿದಾಗ, ‘ಇದು ಕ್ರೈಮ್ ಅಲ್ಲ, ಪುರಾಣ. ಹನುಮಂತನಿಗೂ ಆ ಸಿಗ್ನಲ್‌ನಲ್ಲಿ ಇಪ್ಪತ್ತು ನಿಮಿಷ ಬೇಕು’ ಎಂದು ಬರೆದಿದ್ದ. ಶನಿವಾರದ ನಗೆಪಾಟಲು ಕಂಪನಿ ಎಂಬ ಹಾಸ್ಯ ಕಾರ್ಯಕ್ರಮ ನೋಡಿ, ‘ಗಂಡಸರು ಸೀರೆ ಉಟ್ಟರು, ಬಿದ್ದರು, ಎದ್ದರು. ಜಡ್ಜು ಕುರ್ಚಿಯಿಂದ ಉರುಳಿಬಿದ್ದು ನಕ್ಕರು. ನಾನು ಬೀಳಲಿಲ್ಲ, ನಮ್ಮನೆ ಕುರ್ಚಿ ಗಟ್ಟಿ ಇದೆ’ ಎಂದು ಬರೆದಿದ್ದ. ಇವತ್ತು ಅರಿಶಿನದ ಹೊಸ್ತಿಲಿನ ಸರದಿ. ಆ ಧಾರಾವಾಹಿಯ ನಿವೃತ್ತ ಹೆಡ್‌ಮಾಸ್ಟರು ಹನ್ನೊಂದು ವರ್ಷದ ಹಿಂದೆ ಶಾಲೆಯ ವಾರ್ಷಿಕೋತ್ಸವದಲ್ಲಿ ಮಾತಾಡಲು ಎದ್ದುನಿಂತ ತನ್ನ ಹೆಂಡತಿಗೆ, ಮುಂದಿನ ಸಾಲಿನಿಂದಲೇ ‘ಬೆಲ್ ಹೊಡೀತು, ಕೂತ್ಕೊಳಮ್ಮ’ ಎಂದಿದ್ದನಂತೆ. ಸಭೆಯೆಲ್ಲ ನಕ್ಕಿತಂತೆ. ಅವಳೂ ನಕ್ಕಳಂತೆ. ನಕ್ಕು, ಕೈಯಲ್ಲಿದ್ದ ಕಾಗದವನ್ನು ನಾಲ್ಕು ಮಡಿಕೆ, ಎಂಟು ಮಡಿಕೆ ಮಡಚಿ ಕನ್ನಡಕದ ಡಬ್ಬಿಗೆ ತುರುಕಿ ವೇದಿಕೆ ಇಳಿದಳಂತೆ. ಅದೇ ದೃಶ್ಯ ನಿನ್ನೆ ಇಡೀ ಸಂಚಿಕೆಯನ್ನು ನುಂಗಿತ್ತು. ಚಲುವರಾಜು ಬರೆದಿದ್ದ: ‘ಇಷ್ಟು ಸಣ್ಣ ತಮಾಷೆಗೆ ಹನ್ನೊಂದು ವರ್ಷ ಕೊರಗುವ ಹೆಂಗಸು ಯಾವ ಊರಲ್ಲಿದ್ದಾಳೆ? ಅವಳೇ ನಕ್ಕಳಲ್ಲ ಸ್ವಾಮಿ, ಮತ್ತೇನು ಕಷ್ಟ? ಹೆಂಡತಿ ನಕ್ಕಿದ್ದನ್ನು ನಂಬಬಾರದು ಎಂದರೆ ಗಂಡಸು ಏನನ್ನು ನಂಬಬೇಕು? ಸಂಭಾಷಣೆ ಬರೆದವನಿಗೆ ಸಂಸಾರ ಗೊತ್ತಿಲ್ಲ. ಮದುವೆ ಆಗಿಲ್ಲ, ಆಗುವುದೂ ಬೇಡ. ಎರಡನೇ ಸ್ಟೇಜಿನಲ್ಲೇ ಇಳಿದೆ.’

ಹತ್ತು ಗಂಟೆಯ ಹೊತ್ತಿಗೆ ಹದಿನೇಳು ನಗುಮುಖ ಬಂದಿದ್ದವು. ಶುಕ್ರವಾರಕ್ಕೆ ಅದು ಒಳ್ಳೆಯ ಕಲೆಕ್ಷನ್ನೇ. ಆದರೂ ಹಲ್ಲಿನ ಸಂದಿಯಲ್ಲಿ ಕಡಲೆಸಿಪ್ಪೆ ಸಿಕ್ಕಿಕೊಂಡ ಹಾಗೆ ಆ ಡಬ್ಬಿ ಅವನೊಳಗೆ ಸಿಕ್ಕಿಕೊಂಡಿತ್ತು. ಯಾವ ಹೆಂಗಸಾದರೂ ಕಾಗದವನ್ನು ವ್ಯಾನಿಟಿ ಬ್ಯಾಗಿಗೆ ಹಾಕುತ್ತಾಳೆ, ರವಿಕೆಗೆ ಸಿಕ್ಕಿಸುತ್ತಾಳೆ, ಇಲ್ಲವೇ ಹರಿದು ಎಸೆಯುತ್ತಾಳೆ. ಕನ್ನಡಕದ ಡಬ್ಬಿಯಲ್ಲಿ ಇಡುವವಳು ಓದಲಿಕ್ಕೆಂದು ಕನ್ನಡಕ ತೆಗೆದು ಹಾಕಿಕೊಂಡಿದ್ದವಳೇ ಇರಬೇಕು, ಎಡಗೈಯಲ್ಲಿ ಡಬ್ಬಿ ಹಿಡಿದೇ ಮೈಕಿನ ಮುಂದೆ ನಿಂತಿದ್ದವಳೇ ಇರಬೇಕು. ಹಾಗೆ ನಿಂತಿದ್ದ ಒಬ್ಬಳನ್ನು ಅವನು ಕಂಡಿದ್ದ. ಹನ್ನೊಂದು ವರ್ಷದ ಹಿಂದೆ, ಬಡಾವಣೆಯ ಸಂಘದ ಹಾಲಿನಲ್ಲಿ ಬುದ್ಧ ಪೂರ್ಣಿಮೆಯ ಸಂಜೆ, ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಫ್ಯಾನು ತಿರುಗಿದಾಗಲೆಲ್ಲ ಬ್ಯಾನರು ಪಟಪಟ ಎನ್ನುತ್ತಿತ್ತು. ಇಪ್ಪತ್ತೈದು ವರ್ಷ ಅಂಗನವಾಡಿ ಟೀಚರಾಗಿದ್ದ ಅವನ ಹೆಂಡತಿ ಲತಾಮಣಿಗೆ ಅವತ್ತು ಸನ್ಮಾನ. ಶಾಲು ಹೊದಿಸಿಕೊಂಡ ಅವಳು ಮೈಕಿನ ಮುಂದೆ ‘ಸಭೆಯಲ್ಲಿ ಆಸೀನರಾಗಿರುವ’ ಎಂದು ಶುರುಮಾಡಿ ಅಧ್ಯಕ್ಷರಿಗೆ, ಕಾರ್ಯದರ್ಶಿಗೆ, ಮಹಿಳಾ ಘಟಕಕ್ಕೆ ನಮಸ್ಕಾರ ಹೇಳುತ್ತಲೇ ಇದ್ದಳು. ಮುಂದಿನ ಸಾಲಿನಲ್ಲಿ ಬೈರಣ್ಣನ ಪಕ್ಕ ಕೂತಿದ್ದ ಅವನ ಬಾಯಿ ಸುಮ್ಮನಿರಲಿಲ್ಲ. ಕಂಡಕ್ಟರನ ಗಂಟಲು, ಮೈಕು ಬೇಕಾಗಿಲ್ಲ. ‘ಸ್ಟಾಪ್ ಬಂತು, ಇಳೀರಮ್ಮ ಇಳೀರಿ’ ಎಂದಿದ್ದ. ಹಾಲಿಗೆ ಹಾಲೇ ನಕ್ಕಿತ್ತು. ಹದಿನೇಳು ವರ್ಷದ ಮಗ ಸಿದ್ಧಾರ್ಥನೂ ನಕ್ಕಿದ್ದ. ಲತಾಳೂ ನಕ್ಕಿದ್ದಳು. ನಕ್ಕು ಇಳಿದಿದ್ದಳು. ಆ ತಮಾಷೆಯನ್ನು ಅವನು ಆಮೇಲೆ ಎಷ್ಟು ಮದುವೆ ಊಟಗಳಲ್ಲಿ, ಎಷ್ಟು ನಾಮಕರಣಗಳಲ್ಲಿ ಹೇಳಿದ್ದನೋ, ಪ್ರತಿಸಲವೂ ಕೊನೆಗೆ ‘ನಮ್ಮವಳೂ ನಕ್ಕಳು’ ಎಂದು ಸೇರಿಸುತ್ತಿದ್ದ. ಆ ಕೊನೆಯ ಮಾತಿಲ್ಲದೆ ತಮಾಷೆ ಪೂರ್ತಿಯಾಗುತ್ತಿರಲಿಲ್ಲ.

ಹಾಗೆಂದು ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಅವನು ತನ್ನನ್ನೇ ಗದರಿಸಿಕೊಂಡ. ಧಾರಾವಾಹಿಯಲ್ಲಿ ಬಂದದ್ದು ಹೆಡ್‌ಮಾಸ್ಟರು, ಬೆಲ್ಲು, ಜರತಾರಿ ಸೀರೆ. ಊರಲ್ಲಿ ಗಂಡಂದಿರಿಗೇನು ಬರವೇ, ತಮಾಷೆಗೇನು ಬರವೇ. ಅಡುಗೆಮನೆಯಿಂದ ಲತಾಮಣಿ ಸ್ಟೀಲ್ ಬೇಸಿನ್ ಹಿಡಿದು ಹೊರಬಂದಳು. ಕೆಲಸದಿಂದ ನಿವೃತ್ತಳಾದ ಮೇಲೆ ಅವಳಿಗೆ ಸಂಡಿಗೆಯ ಹುಚ್ಚು ಹತ್ತಿತ್ತು. ವಾರಕ್ಕೆ ನಾಲ್ಕು ದಿನ ಹನ್ನೊಂದಕ್ಕೆ ಟೆರೇಸಿಗೆ ಹೋದರೆ ಇಳಿಯುವುದು ಒಂದಕ್ಕೆ. ಮನೆಯಲ್ಲಿರುವುದು ಇಬ್ಬರು, ಸಂಡಿಗೆ ಮಾತ್ರ ದಂಡಿಗಾಗುವಷ್ಟು. ಇಷ್ಟು ದಿನ ಅದನ್ನು ಅವನು ಲೆಕ್ಕಕ್ಕೆ ತಂದುಕೊಂಡಿರಲಿಲ್ಲ. ಅವಳೂ ಬಳಗದ ಸದಸ್ಯೆಯೇ. ಆದರೆ ನಾಲ್ಕು ವರ್ಷದಲ್ಲಿ ಒಂದು ಗುಡ್ ಮಾರ್ನಿಂಗ್ ಕೂಡ ಹಾಕಿದವಳಲ್ಲ.

“ಇಂದ್ರಾಣಿ ಹತ್ರ ಎರಡು ಬ್ಲೌಸ್ ಇದೆ, ತಂದುಬಿಡ್ತೀರಾ?” ಎಂದಳು.

“ಇವತ್ತು ನಾನು ಬರೆದಿದ್ದು ನೋಡ್ದೆಯಾ?”

“ಮೇಲೆ ಕೆಲ್ಸ ಇದೆ. ಬಂದ್ಮೇಲೆ ನೋಡ್ತೀನಿ” ಎಂದು ಮೆಟ್ಟಿಲು ಹತ್ತಿದಳು.

ಇಂದ್ರಾಣಿಯ ಟೈಲರಿಂಗ್ ಅಂಗಡಿ ಬೀದಿಯ ತಿರುವಿನಲ್ಲೇ ಇತ್ತು. ಅವಳೂ ಬಳಗದವಳೇ, ಹೊಲಿಯುತ್ತಲೇ ಮೊಬೈಲಿನಲ್ಲಿ ಹಿಂದಿನ ದಿನದ ಸಂಚಿಕೆ ಓಡಿಸುವವಳು. ಚಲುವರಾಜು ಹೋದಾಗ ಮೆಷಿನ್ನಿನ ಮೇಲೆ ಒರಗಿಸಿದ್ದ ಮೊಬೈಲಿನಲ್ಲಿ ಆ ಹೆಂಗಸು ಮತ್ತೆ ಕಾಗದ ಮಡಚುತ್ತಿದ್ದಳು. ಇಂದ್ರಾಣಿ ಮೂಗು ಸೊರಸೊರ ಎಳೆದುಕೊಂಡು, “ನಿಮ್ದು ಓದ್ದೆ ಅಂಕಲ್. ನೀವು ಏನೇ ಅನ್ನಿ, ನಂಗೆ ತಡ್ಕೊಳಕ್ಕಾಗ್ಲಿಲ್ಲ. ನಮ್ ಲತಾ ಟೀಚರೇ ಕಣ್ಮುಂದೆ ಬಂದಂಗಾಯ್ತು” ಎಂದಳು. ಅವನು ಬ್ಲೌಸಿನ ಕವರಿಗೆ ಚಾಚಿದ್ದ ಕೈಯನ್ನು ಹಾಗೇ ನಿಲ್ಲಿಸಿ, “ಲತಾ ಯಾಕೆ?” ಎಂದು ಕೇಳಿದ.

“ಅಯ್ಯೋ, ಸಂಘದ ಹಾಲಲ್ಲಿ ಟೀಚರ್‌ಗೂ ಹಿಂಗೇ ಆಗಿತ್ತಲ್ಲ. ಸನ್ಮಾನದ ದಿನ. ನಾನು ಹಿಂದುಗಡೆ ಸಾಲಲ್ಲಿದ್ದೆ. ಮುಂದ್ಗಡೆಯಿಂದ ಯಾವನೋ ಲೋಫರ್ ಬಸ್ಸು, ಸ್ಟಾಪು ಅಂತ ಏನೋ ಕೂಗ್ದ. ಪಾಪ, ಟೀಚರು ಅರ್ಧಕ್ಕೇ ಇಳಿದ್ಬಿಟ್ರು.”

“ಯಾರು ಕೂಗಿದ್ದು?”

“ಮುಖ ಕಾಣ್ಲಿಲ್ಲ ಅಂಕಲ್. ಕುಡ್ದಿದ್ನೋ ಏನೋ. ನೀವು ಅವತ್ತು ಡ್ಯೂಟಿ ಮೇಲಿದ್ರಿ ಅನ್ಸುತ್ತೆ, ಇದ್ದಿದ್ರೆ ಬಿಡ್ತಿದ್ರಾ ಅವ್ನನ್ನ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನನ್ನು ಕಂಡು ಚಲುವರಾಜು ಜೀವಮಾನವಿಡೀ ನಕ್ಕಿದ್ದ. ಟಿಕೆಟ್ ಇಲ್ಲದವರನ್ನು ಅವನು ಹಿಡಿಯುತ್ತಿದ್ದದ್ದೇ ಹಾಗೆ, ಸುಮ್ಮನೆ ‘ಚೆಕಿಂಗ್’ ಎಂದು ಕೂಗಿ ಯಾರ ಕೈ ಜೇಬಿಗೆ ಹೋಗುತ್ತದೆಂದು ನೋಡಿ. ಈಗ ತನ್ನ ಕೈ ತಾನಾಗಿ ಹೋಗಿ ಶರ್ಟಿನ ಕಾಲರು ಸರಿಮಾಡಿತು. ‘ನಾನೇ ಕಣಮ್ಮ ಆ ಲೋಫರ್’ ಎನ್ನಲು ಅವನಿಗೆ ಒಂದು ಕ್ಷಣ ಸಿಕ್ಕಿತ್ತು. ಆ ಕ್ಷಣದಲ್ಲಿ ಅವನು ಹೇಳಿದ್ದು, “ಹ್ಞೂಂ, ಡ್ಯೂಟಿ ಇತ್ತು” ಎಂದು. ಬ್ಲೌಸಿನ ಕವರು ತೆಗೆದುಕೊಂಡು ಹೊರಬಂದ ಮೇಲೆ ಬೀದಿ ಎಂದಿಗಿಂತ ಉದ್ದವಾಗಿತ್ತು. ಮದುವೆ ಊಟಗಳಲ್ಲಿ ಎದೆ ತಟ್ಟಿಕೊಂಡು ಹೇಳಿದ ತಮಾಷೆಗೆ ಇವತ್ತು ಅಪ್ಪನಿಲ್ಲ. ಛೀ ಎನಿಸಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ಇನ್ನೊಂದು ಅನುಮಾನ ಬಂತು: ಹಿಂದಿನ ಸಾಲಿನವರಿಗೆ ಪಾಪ ಎನಿಸಿದ್ದರೆ, ಮೈಕಿನ ಮುಂದೆ ಇದ್ದವಳು ನಿಜವಾಗಿ ನಕ್ಕಿದ್ದಳೇ? ಅವನಿಗೆ ಈಗ ಗೊತ್ತಾಗಬೇಕಿದ್ದದ್ದು ಅದೊಂದೇ. ಅವಳು ನಕ್ಕಿದ್ದರೆ ಅದು ತಮಾಷೆ. ನಕ್ಕಿರದಿದ್ದರೆ ಅವನು ಇಷ್ಟು ವರ್ಷ ಹೆಂಡತಿಯ ಅವಮಾನವನ್ನು ಊರೂರಿಗೆ ಎಲೆ ಹಾಕಿ ಬಡಿಸಿದ್ದ.

ಮನೆಗೆ ಬಂದವನು ಕಳ್ಳನ ಹಾಗೆ ರೂಮಿಗೆ ಹೋಗಿ ಬೀರು ತೆಗೆದ. ಲತಾಳ ಹಳೆಯ ಕನ್ನಡಕದ ಡಬ್ಬಿ ಎಲ್ಲಿದೆ ಎಂದು ತಿಳಿಯದೆ ಸೀರೆಗಳ ಕೆಳಗೆ, ಆಧಾರ್ ಕಾರ್ಡುಗಳ ಕೆಳಗೆ, ಮಗನ ಮದುವೆಯ ಆಲ್ಬಮ್ಮಿನ ಕೆಳಗೆ ಕೈಯಾಡಿಸಿದ. ಇಷ್ಟು ವರ್ಷ ಒಂದೇ ಬೀರುವಿನಲ್ಲಿ ಬಟ್ಟೆ ಇಟ್ಟುಕೊಂಡು ಬಂದರೂ ಅವಳ ಕಡೆಯ ಅರೆಯಲ್ಲಿ ಏನಿದೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಕರ್ಚೀಫುಗಳ ಹಿಂದೆ ಕಂದು ಬಣ್ಣದ ಡಬ್ಬಿ ಸಿಕ್ಕಿತು. ಟಪ್ಪೆಂದು ತೆರೆದುಕೊಂಡಿತು. ಒಳಗೆ ಕನ್ನಡಕ ಒರೆಸುವ ಹಳದಿ ಬಟ್ಟೆ, ಅಷ್ಟೆ. ಅವನಿಗೆ ಎಷ್ಟು ಹಗುರವಾಯಿತೆಂದರೆ ಆ ಬಟ್ಟೆಯಿಂದಲೇ ಹಣೆ ಒರೆಸಿಕೊಂಡ. ಕಾಗದವಿಲ್ಲ. ಅಂದರೆ ಅವಳು ಇವಳಲ್ಲ. ಇವಳು ನಕ್ಕಿದ್ದಳು, ಮರೆತಿದ್ದಳು, ಸಂಡಿಗೆ ಹಾಕುತ್ತಿದ್ದಾಳೆ. ಬ್ಲೌಸು ಬಂತು ಎಂದು ಹೇಳುವ ನೆಪದಲ್ಲಿ, ಇಂದ್ರಾಣಿ ಎಂಥ ಪೆದ್ದಿ ಎಂದು ಹೇಳಿ ಇಬ್ಬರೂ ಒಂದು ಸಲ ನಕ್ಕುಬಿಡುವ ಎಂದುಕೊಂಡು ಮೆಟ್ಟಿಲು ಹತ್ತಿದ.

ಟೆರೇಸಿನ ಮೇಲೆ ಶೀಟು ಹಾಕಿದ ಒಂದು ರೂಮಿತ್ತು. ಅದರಲ್ಲಿ ಸುರಪುರದ ಕಡೆಯ ಮೌನೇಶ ಎಂಬವನು ಎರಡು ವರ್ಷದಿಂದ ಬಾಡಿಗೆಗಿದ್ದ. ಬಂದ ದಿನ ಸೀರಿಯಲ್ಲಿಗೆ ಡೈಲಾಗ್ ಬರೆಯುತ್ತೇನೆ ಎಂದು ಹೇಳಿದ್ದ. ಚಲುವರಾಜು ಅವನನ್ನು ಅಲ್ಲೇ ನಿಲ್ಲಿಸಿಕೊಂಡು ಕನ್ನಡದ ಧಾರಾವಾಹಿಗಳು ಯಾಕೆ ಕೆಟ್ಟವು ಎನ್ನುವುದರ ಮೇಲೆ ಅರ್ಧ ಗಂಟೆ ಮಾತಾಡಿದ್ದ. ಯಾವ ಸೀರಿಯಲ್ಲು ಎಂದು ಕೇಳಲು ಸಮಯ ಸಿಕ್ಕಿರಲಿಲ್ಲ, ಆಮೇಲೂ ಕೇಳಿರಲಿಲ್ಲ. ಟಿವಿಯಲ್ಲಿ ಹೆಸರುಗಳು ಬರುವಾಗ ಗೊತ್ತಾಗಬೇಕಿತ್ತು. ಆದರೆ ಟೈಟಲ್ ಹಾಡು ಶುರುವಾಗುತ್ತಿದ್ದಂತೆ ಬಚ್ಚಲಿಗೆ ಹೋಗಿ ಕತೆ ಶುರುವಾಗುವ ಹೊತ್ತಿಗೆ ಬಂದು ಕೂರುವುದು ಅವನ ರೂಢಿ. ಒಂದು ದೃಶ್ಯವನ್ನೂ ಬಿಡದೆ ನೋಡುವವನು ತಾನು ಎಂದು ಬಳಗದಲ್ಲಿ ಹೇಳಿಕೊಳ್ಳುವಾಗ ಈ ಬಚ್ಚಲಿನ ವಿಷಯ ಸೇರಿಸುತ್ತಿರಲಿಲ್ಲ. ಮೆಟ್ಟಿಲಿನ ಕೊನೆಯ ತಿರುವಿನಲ್ಲಿ ಮಾತು ಕೇಳಿ ಅವನು ನಿಂತ.

“ಚಾನೆಲ್ದವರು ಒಂದು ಸಾವು ಕೇಳಾಕತ್ತಾರ್ರೀ ಅಮ್ಮಾರ. ಟಿಆರ್‌ಪಿ ಬಿದ್ದೈತಿ. ಸೋಮವಾರದ್ದು ಇವತ್ತ ಬರದು ಕಳಸಬೇಕು, ನಾಳೆ ಶೂಟಿಂಗು. ಹೆಡ್‌ಮಾಸ್ಟರ್‌ನ ಹೆಂಗ ಮುಗಸೂಣು ಹೇಳ್ರಿ. ಹಾರ್ಟ್ ಅಟ್ಯಾಕ್?”

“ಬೇಡ” ಎಂದಿತು ಲತಾಮಣಿಯ ದನಿ. ಜೊತೆಗೆ ಸಂಡಿಗೆ ಒತ್ತುವ ಮಣೆಯ ಕಿರುಗುಟ್ಟುವಿಕೆ. “ಹಾರ್ಟ್ ಅಟ್ಯಾಕ್ ಆಗೋಷ್ಟು ಅವ್ರು ಯಾವತ್ತೂ ಮನಸ್ಸಿಗೆ ಹಚ್ಕೊಳಲ್ಲ. ಜನ ನಂಬಲ್ಲ.”

“ಹಂಗಾರ ಲಾರಿ?”

“ರಸ್ತೆ ದಾಟೋದ್ರಲ್ಲಿ ಅವ್ರು ಹುಷಾರು.”

“ಮೆಟ್ಲ ಮ್ಯಾಲಿಂದ ಜಾರಿಸೂಣೇನ್ರಿ?”

ಮೆಟ್ಟಿಲ ಮೇಲೆ ನಿಂತಿದ್ದ ಚಲುವರಾಜು ಗೋಡೆ ಹಿಡಿದುಕೊಂಡ. ಕೈಯಲ್ಲಿ ಬ್ಲೌಸಿನ ಕವರು ಸರಗುಟ್ಟಿತು. ತನ್ನನ್ನು ಹೇಗೆ ಕೊಲ್ಲಬೇಕು ಎಂದು ಹೆಂಡತಿಯೂ ಬಾಡಿಗೆಯವನೂ ಕೂತು ಇಷ್ಟು ಸಮಾಧಾನವಾಗಿ ಮಾತಾಡುವುದನ್ನು ಕೇಳುವ ಭಾಗ್ಯ ಎಷ್ಟು ಗಂಡಸರಿಗೆ ಬರುತ್ತದೆ. ಧಾರಾವಾಹಿಯ ಹೆಡ್‌ಮಾಸ್ಟರನ ಎಲ್ಲ ಕೆಟ್ಟ ಗುಣಗಳೂ ಒಂದೊಂದಾಗಿ ಅವನ ಮುಂದೆ ಬಂದು ನಿಂತವು. ಊಟದ ತಟ್ಟೆ ತೊಳೆಯದೆ ಸಿಂಕಿನಲ್ಲಿ ಬಿಡುವುದು, ಹೆಂಡತಿ ಮಾತು ಶುರುಮಾಡಿದರೆ ವಾಲ್ಯೂಮ್ ಜಾಸ್ತಿ ಮಾಡುವುದು, ಯಾರಾದರೂ ಬಂದಾಗ ‘ಅವಳಿಗೇನೂ ಗೊತ್ತಾಗಲ್ಲ, ನನ್ನ ಕೇಳಿ’ ಎನ್ನುವುದು. ಇವನ್ನೆಲ್ಲ ಅವನು ಬಳಗದಲ್ಲಿ ಒಂದೊಂದಾಗಿ ಬೈದಿದ್ದ. ‘ಇಂಥ ಗಂಡಸು ಕರ್ನಾಟಕದಲ್ಲೇ ಇಲ್ಲ’ ಎಂದು ದಸರಾ ಹೊತ್ತಿನಲ್ಲಿ ಬರೆದದ್ದಕ್ಕೆ ನಲವತ್ತೊಂದು ನಗುಮುಖ ಬಂದಿದ್ದವು. ಆ ನಲವತ್ತೊಂದು ಜನರಲ್ಲಿ ಎಷ್ಟು ಜನ ಹೆಡ್‌ಮಾಸ್ಟರನ್ನು ನೋಡಿ ನಕ್ಕಿದ್ದರು, ಎಷ್ಟು ಜನ ಇವನನ್ನು ನೋಡಿ ನಕ್ಕಿದ್ದರು ಎಂದು ಅವನು ಲೆಕ್ಕ ಹಾಕತೊಡಗಿದ. ಬಸ್ಸಿನಲ್ಲಿ ಎಲ್ಲರ ಎದುರು ನಿಯಮವೇ ತಿಳಿಯದ ಹೊಸ ಚೆಕಿಂಗ್ ಇನ್ಸ್‌ಪೆಕ್ಟರ್ ಒಮ್ಮೆ ಅವನ ಕಲೆಕ್ಷನ್ ಬ್ಯಾಗು ಕಸಿದುಕೊಂಡಿದ್ದ. ಅವತ್ತೂ ಇಷ್ಟು ಮುಖ ಸುಟ್ಟಿರಲಿಲ್ಲ.

“ಸಾಯ್ಸೋದೇ ಬೇಡ ಮೌನೇಶ” ಎಂದಳು ಲತಾಮಣಿ. “ಸತ್ರೆ ಎಲ್ರೂ ಒಳ್ಳೇವ್ರಾಗ್ಬಿಡ್ತಾರೆ. ಫೋಟೋಗೆ ಹಾರ ಹಾಕಿ ನಾನೇ ಕೂತು ಅಳ್ಬೇಕು. ಬದುಕಿರ್ಲಿ.”

“ಹಂಗಾರ ಆಕಿ ಅವರನ್ನ ಕ್ಷಮಿಸಿದ್ಲು ಅಂತ ಬರೀಲೇನ್ರಿ?”

“ಯಾರಪ್ಪ ಕ್ಷಮಿಸಿದ್ದು? ಬದುಕಿರ್ಲಿ ಅಂದೆ, ಅಷ್ಟೆ. ಸಾವಿನ ಜಾಗಕ್ಕೆ ಭಾಷಣ ಹಾಕು. ಅವತ್ತು ಅರ್ಧಕ್ಕೆ ನಿಂತಿದ್ದನ್ನ ಇವತ್ತು ಅವ್ಳು ಪೂರ್ತಿ ಮಾಡ್ಲಿ.”

“ಭಾಷಣ ಯಾರ್ ನೋಡ್ತಾರ್ರೀ ಅಮ್ಮಾರ?”

“ನಮ್ಮನೆಯವ್ರು ನೋಡ್ತಾರೆ” ಎಂದಳು.

ಚಲುವರಾಜು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿದ. ಚಪ್ಪಲಿ ಸದ್ದಾಗಬಾರದೆಂದು ಅದನ್ನು ಕೈಯಲ್ಲಿ ಹಿಡಿದುಕೊಂಡ. ತನ್ನ ಮನೆಯ ಮೆಟ್ಟಿಲನ್ನು ತಾನೇ ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯುವುದನ್ನು ಯಾವುದಾದರೂ ಧಾರಾವಾಹಿಯಲ್ಲಿ ತೋರಿಸಿದ್ದರೆ ಅವನು ಒಂದನೇ ಸ್ಟೇಜಿನಲ್ಲೇ ಇಳಿಯುತ್ತಿದ್ದ. ಹಾಲಿನಲ್ಲಿ ಬುದ್ಧನ ಪಟದ ಕೆಳಗೆ ಕೂತು ಮೊದಲು ಸಿಟ್ಟಾಗಲು ನೋಡಿದ. ಮನೆಯ ಮಾತು ಬೀದಿಗೆ ಹಾಕಿದ್ದಾಳೆ, ಅದೂ ಇಡೀ ಕರ್ನಾಟಕದ ಬೀದಿಗೆ. ಆದರೆ ಸಿಟ್ಟು ಬರುವ ಮುಂಚೆಯೇ ಮದುವೆ ಊಟದ ಪಂಕ್ತಿಗಳು ಕಣ್ಣ ಮುಂದೆ ಬಂದವು. ಎಲೆಯ ಮುಂದೆ ಕೂತು ತಾನು ‘ಸ್ಟಾಪ್ ಬಂತು’ ಎಂದು ಅಭಿನಯಿಸಿ ತೋರಿಸುವಾಗ ಪಕ್ಕದ ಎಲೆಯಲ್ಲಿ ಅವಳು ಏನು ಮಾಡುತ್ತಿದ್ದಳು? ನೆನಪು ಮಾಡಿಕೊಳ್ಳಲು ನೋಡಿದ. ಉಪ್ಪಿನಕಾಯಿ ಕಂಡಿತು, ಬೈರಣ್ಣನ ಹಲ್ಲು ಕಂಡಿತು, ಅವಳ ಮುಖ ಮಾತ್ರ ಕಾಣಲಿಲ್ಲ. ಅವನು ಯಾವತ್ತೂ ಆ ಕಡೆ ನೋಡಿರಲಿಲ್ಲ. ಮೊಬೈಲು ತೆಗೆದು ಬೆಳಗಿನ ಬರಹವನ್ನು ಯಾರಿಗೂ ಕಾಣದಂತೆ ಅಳಿಸಿಹಾಕಿದ. ಮರುಕ್ಷಣವೇ ಬೈರಣ್ಣನ ಪ್ರಶ್ನೆ ಬಂತು: ‘ಯಾಕೆ ಗುರುಗಳೇ, ಡಿಲೀಟ್? ಎಲ್ಲ ಓದಿಯಾಯ್ತಲ್ಲ. ಬೇಕಾದ್ರೆ ನನ್ನ ಹತ್ರ ಸ್ಕ್ರೀನ್‌ಶಾಟ್ ಇದೆ.’ ಕೆಳಗೆ ಸ್ಕ್ರೀನ್‌ಶಾಟನ್ನೂ ಹಾಕಿದ್ದ. ಅದಕ್ಕೆ ಹೊಸದಾಗಿ ಒಂಬತ್ತು ನಗುಮುಖ ಬಂದವು.

ಒಂದು ಗಂಟೆಗೆ ಲತಾಮಣಿ ಕೆಳಗೆ ಬಂದು ಊಟಕ್ಕೆ ಬಡಿಸಿದಳು. ಸೊಪ್ಪಿನ ಸಾರು, ಮುದ್ದೆ, ಎರಡು ಸಂಡಿಗೆ. ಅವನು ಮುದ್ದೆ ಮುರಿಯದೆ ಕೂತಿದ್ದ.

“ಓದ್ದೆ ನೀವು ಬರೆದಿದ್ದು” ಎಂದಳು. “ಚೆನ್ನಾಗಿತ್ತು. ತುಂಬ ಜನ ನಕ್ಕಿದಾರೆ.”

“ನೀನು ನಕ್ಕೆಯಾ?”

“ನಾನು ಯಾವಾಗ್ಲೂ ನಗ್ತೀನಲ್ಲ” ಎಂದು ಅವಳು ಸಾರಿನ ಸೌಟು ಎತ್ತಿದಳು. “ಹಾಕ್ಲಾ?”

ಎಪ್ಪತ್ತು ಜನ ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿಗೆ ಕೇಳುವಂತೆ ಕೂಗುತ್ತಿದ್ದ ಅವನ ದನಿ ಎದುರಿಗೆ ಕೂತವಳಿಗೆ ಕೇಳುವಷ್ಟೂ ಏಳಲಿಲ್ಲ. “ಲತಾ, ಅವತ್ತು ಸಂಘದ ಹಾಲಲ್ಲಿ... ಆ ಭಾಷಣ... ಮುಂದೆ ಏನಿತ್ತು ಅದ್ರಲ್ಲಿ?” ಎಂದ.

ಅವಳು ಅವನನ್ನು ನೋಡಿದಳು. ಮೆಟ್ಟಿಲ ಮೇಲೆ ಸರಗುಟ್ಟಿದ ಕವರು ಅವಳಿಗೆ ಕೇಳಿಸಿತ್ತೋ ಏನೋ, ಆಶ್ಚರ್ಯವೇನೂ ಪಡಲಿಲ್ಲ. “ಸೋಮವಾರ ಏಳೂವರೆಗೆ ಬರುತ್ತೆ, ನೋಡಿ” ಎಂದಳು.

“ಈಗ್ಲೇ ಹೇಳಬಾರ್ದಾ?”

“ಹನ್ನೊಂದು ವರ್ಷ ಕೇಳ್ದೇ ಇದ್ದೋರಿಗೆ ಮೂರು ದಿನ ಏನು ಮಹಾ. ಟೈಟಲ್ ಬಿಡದೆ ನೋಡಿ.”

ಆ ಸಂಜೆ ಅವನು ಟಿವಿಯ ಮುಂದೆ ಕೂರಲಿಲ್ಲ. ಶನಿವಾರ ನಗೆಪಾಟಲು ಕಂಪನಿ ಹಾಕಿಕೊಂಡು ಕೂತ. ಸೀರೆಯುಟ್ಟ ಗಂಡಸೊಬ್ಬ ಇನ್ನೊಬ್ಬ ಗಂಡಸಿಗೆ ‘ಏನ್ರೀ’ ಎಂದು ಬಳುಕುತ್ತಿದ್ದ, ಗಂಡನ ಪಾತ್ರದವನು ‘ನಿನ್ನ ಬಾಯಿಗೆ ಬ್ರೇಕ್ ಇಲ್ವಾ’ ಎನ್ನುತ್ತಿದ್ದ, ಜಡ್ಜು ಯಥಾಪ್ರಕಾರ ಉರುಳುತ್ತಿದ್ದರು. ಕ್ಯಾಮೆರಾ ನೋಡುಗರ ಸಾಲಿನತ್ತ ತಿರುಗಿದಾಗ ನಡುವಯಸ್ಸಿನ ಒಬ್ಬ ಹೆಂಗಸು ಗಂಡನ ಪಕ್ಕ ಕೂತು ನಗುತ್ತಿರುವುದು ಅರೆಕ್ಷಣ ಕಂಡಿತು. ಅವನು ರಿಮೋಟು ಒತ್ತಿ ಹಿಂದಕ್ಕೆ ಹೋಗಿ ಮತ್ತೆ ನೋಡಿದ. ಅವಳ ಬಾಯಿ ನಗುತ್ತಿತ್ತು. ಕಣ್ಣು ಗಂಡನ ಕಡೆ ತಿರುಗಿ, ಅವನು ನಗುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಬಾಯಿ ಇನ್ನಷ್ಟು ಅಗಲವಾಗುತ್ತಿತ್ತು. ನಾಲ್ಕು ಸಲ ನೋಡಿದ. ಅರವತ್ತೈದು ವರ್ಷಕ್ಕೆ ನಗು ನೋಡುವುದನ್ನು ಕಲಿಯಬೇಕಾಗಿ ಬಂತಲ್ಲ ಎಂದು ತನ್ನ ಮೇಲೆಯೇ ಅಸಹ್ಯವಾಯಿತು. ಶನಿವಾರದ ಹಾಗೆ ಭಾನುವಾರವೂ ಬಳಗಕ್ಕೆ ಏನೂ ಬರೆಯಲಿಲ್ಲ. ಮೈ ಹುಷಾರಿಲ್ಲವೇ ಎಂದು ಆರು ಜನ ಕೇಳಿದರು. ಇಂದ್ರಾಣಿ ಕಷಾಯದ ವಿಧಾನ ಕಳಿಸಿದಳು. ಆ ಲೋಫರಿಗೆ ಕಷಾಯ ಎಂದುಕೊಂಡು ಅವನು ಅದಕ್ಕೊಂದು ಕೈಮುಗಿಯುವ ಚಿತ್ರ ಒತ್ತಿದ.

ಸೋಮವಾರ ಏಳೂಕಾಲಿಗೇ ಬಚ್ಚಲಿಗೆ ಹೋಗಿಬಂದು ಕುರ್ಚಿಯಲ್ಲಿ ಕೂತ. ಲತಾಮಣಿ ಹುರುಳಿಕಾಯಿಯ ಬುಟ್ಟಿ ಇಟ್ಟುಕೊಂಡು ನೆಲದ ಮೇಲೆ ಗೋಡೆಗೊರಗಿ ಕೂತಳು. ಅವಳ ಮೊಬೈಲು ಪಕ್ಕದಲ್ಲಿ ಬೋರಲಾಗಿತ್ತು. ಟೈಟಲ್ ಹಾಡನ್ನು ಅವನು ಪೂರ್ತಿ ಕೇಳಿದ್ದು ಅದೇ ಮೊದಲು. ಹಾಡು ಅಷ್ಟೇನೂ ಕೆಟ್ಟದಿರಲಿಲ್ಲ. ಹೆಸರುಗಳು ಒಂದರ ಹಿಂದೊಂದು ಓಡಿದವು. ಕ್ಯಾಮೆರಾ, ಸಂಕಲನ, ಸಂಗೀತ. ಆಮೇಲೆ ಅರಿಶಿನದ ಬಟ್ಟಲಿನ ಚಿತ್ರದ ಮೇಲೆ ‘ಸಂಭಾಷಣೆ: ಮೌನೇಶ’, ಅದರ ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ ‘ಕಥಾ ಸಹಾಯ: ಲತಾಮಣಿ’. ಒಂದೂವರೆ ಸೆಕೆಂಡು ಇದ್ದಿರಬಹುದು. ಎಷ್ಟು ತಿಂಗಳಿಂದ ಈ ಹೆಸರು ದಿನಾ ಈ ಹಾಲಿನಲ್ಲಿ ಬಂದು ಹೋಗುತ್ತಿತ್ತು, ಅವನು ಒಳಗೆ ನೀರು ಸುರಿಯುತ್ತಿದ್ದಾಗ ಅವಳೊಬ್ಬಳೇ ಅದನ್ನು ನೋಡುತ್ತಿದ್ದಳು. ಇಷ್ಟು ದೊಡ್ಡ ಸುದ್ದಿಯನ್ನು ಹೇಳಿಕೊಳ್ಳಲು ಅವ್ವನಂಥ, ಗೆಳತಿಯಂಥ ಒಬ್ಬ ಗಂಡ ಅವಳಿಗಿರಲಿಲ್ಲ. ಅವನಿಗೆ ಅವಳ ಕಡೆ ತಿರುಗಲು ಧೈರ್ಯ ಬರಲಿಲ್ಲ.

ಶಾಲೆಯ ಅದೇ ಸಭಾಂಗಣ. ಕೂದಲು ಬೆಳ್ಳಗಾದ ಹೆಡ್‌ಮಾಸ್ಟರು ಮುಂದಿನ ಸಾಲಿನಲ್ಲಿ. ಹೆಂಡತಿ ಮೈಕಿನ ಮುಂದೆ ಬಂದು ಕನ್ನಡಕದ ಡಬ್ಬಿ ತೆರೆದಳು, ಹಳದಿ ಬಟ್ಟೆಯ ಕೆಳಗಿನಿಂದ ಎಂಟು ಮಡಿಕೆಯ ಕಾಗದ ತೆಗೆದಳು. ಚಲುವರಾಜು ಎದ್ದುಬಿಡುವವನಂತೆ ಮುಂದಕ್ಕೆ ಬಾಗಿದ. ಬೀರುವಿನ ಡಬ್ಬಿಯಲ್ಲಿ ಬಟ್ಟೆಯನ್ನು ಎತ್ತಿ ಹಣೆ ಒರೆಸಿಕೊಂಡವನು ಅದರ ಕೆಳಗಿನ ಅಸ್ತರಿನೊಳಗೆ ನೋಡಿರಲಿಲ್ಲ. “ಸಭೆಯಲ್ಲಿ ಆಸೀನರಾಗಿರುವ” ಎಂದು ಅವಳು ಓದತೊಡಗಿದಳು. ಅಧ್ಯಕ್ಷರಿಗೆ, ಕಾರ್ಯದರ್ಶಿಗೆ, ಮಹಿಳಾ ಘಟಕಕ್ಕೆ ನಮಸ್ಕಾರ. ಹೆಡ್‌ಮಾಸ್ಟರು ಬಾಯಿ ತೆರೆದರು. ‘ಮುಚ್ಚಯ್ಯ’ ಎಂದು ಚಲುವರಾಜು ಜೋರಾಗಿಯೇ ಅಂದುಬಿಟ್ಟ. ಲತಾಮಣಿಯ ಕೈಯಲ್ಲಿ ಹುರುಳಿಕಾಯಿ ಒಂದು ಗಳಿಗೆ ನಿಂತು ಮತ್ತೆ ಮುರಿಯಿತು. ಟಿವಿಯ ಹೆಂಗಸು ಸಭೆಯನ್ನು ನೋಡಿ, ಕಾಗದ ನೋಡಿ, “ಇವತ್ತು ನಾನು ಇಲ್ಲಿ ಬಂದು ನಿಂತಿದ್ದೀನಿ ಅಂದ್ರೆ ಅದಕ್ಕೆ ಒಬ್ಬರು ಕಾರಣ. ಅವರು ಯಾರಂದ್ರೆ” ಎಂದಳು.

ಅವಳ ಮುಖ ಅಲ್ಲೇ ನಿಂತಿತು. ಢಣ್ ಎಂದು ಸಂಗೀತ ಬಡಿಯಿತು. ಇದೇ ತಂತ್ರವನ್ನು ಅವನು ನೂರು ಸಲ ಆಡಿಕೊಂಡಿದ್ದ. ಬಾಗಿಲು ತೆಗೆಯುವ ಮುಂಚೆ, ಹಾಲು ಕುಡಿಯುವ ಮುಂಚೆ, ತಾಳಿ ಕಟ್ಟುವ ಮುಂಚೆ ಮುಖಗಳು ಹೀಗೇ ಕಲ್ಲಾಗುತ್ತಿದ್ದವು. ಈಗ ಅವನು ಆ ಕಲ್ಲಾದ ಮುಖವನ್ನೇ ನೋಡುತ್ತಿದ್ದ, ಸೋಪಿನ ಜಾಹೀರಾತು ಬಂದ ಮೇಲೂ.

“ಯಾರು?” ಎಂದ. “ಲತಾ, ಯಾರು ಕಾರಣ? ಏನ್ ಬರ್ದಿದ್ದೆ ಅಲ್ಲಿ?”

ಅವಳ ಅಂಗನವಾಡಿ ಸೂಪರ್‌ವೈಸರ್ ಆಗಿದ್ದ ತಂಗೆವ್ವ ಇರಬಹುದು ಎಂದು ಅವನು ಊಹಿಸಿದ. ಅವಳ ಅವ್ವ ಇರಬಹುದು. ಬೆಳಿಗ್ಗೆ ಆರೂವರೆಯ ಬಸ್ಸಿನಲ್ಲಿ ಅವಳಿಗೆಂದು ಕಂಡಕ್ಟರ್ ಸೀಟನ್ನೇ ಬಿಟ್ಟುಕೊಟ್ಟು ನಿಂತುಕೊಂಡು ಹೋಗುತ್ತಿದ್ದ, ಟೀಚರ್ ಟ್ರೈನಿಂಗಿಗೆ ತಾನೇ ಅರ್ಜಿ ತಂದುಕೊಟ್ಟಿದ್ದ ಒಬ್ಬ ಎಳೆಯ ಗಂಡನೂ ಒಂದು ಕಾಲದಲ್ಲಿದ್ದ. ಅವನೂ ಇರಬಹುದು.

ಲತಾಮಣಿ ಹುರುಳಿಕಾಯಿಯ ನಾರು ಎಳೆದು ಪಕ್ಕಕ್ಕಿಟ್ಟಳು. “ಅವತ್ತೂ ನಾನು ಈ ಸಾಲಿಗೇ ಬಂದಿದ್ದೆ ಕಣ್ರೀ” ಎಂದಳು. “ಅಷ್ಟೊತ್ತಿಗೆ ನೀವು ಸ್ಟಾಪ್ ಬಂತು ಅಂದ್ರಿ.”

ಹೊರಗೆ ಯಾರೋ ಸ್ಕೂಟರು ಒದೆಯುತ್ತಿದ್ದರು, ಅದು ಹತ್ತಿಕೊಳ್ಳುತ್ತಿರಲಿಲ್ಲ. ಬಳಗದಲ್ಲಿ ಬೈರಣ್ಣ ಆಗಲೇ ಕೇಳಿದ್ದ: ‘ಗುರುಗಳೇ, ಇವತ್ತು ಯಾವ ಸ್ಟೇಜು?’ ಚಲುವರಾಜು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಹುಡುಕಿ ಬರೆದ: ‘ಇಳಿದಿಲ್ಲ. ಸಂಘದ ಹಾಲಿನಲ್ಲಿ ಲತಾ ಟೀಚರನ್ನು ಇಳಿಸಿದ ಲೋಫರ್ ನಾನೇ. ಅವಳು ನಕ್ಕಿರಲಿಲ್ಲ.’ ಕಳಿಸಿದ. ಗೋಡೆಯ ಪಕ್ಕ ಬೋರಲಾಗಿದ್ದ ಮೊಬೈಲು ಟಿಣ್ ಎಂದಿತು. ಲತಾಮಣಿ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಎತ್ತಿ ಓದಿದಳು. ಎರಡು ಸಲ ಓದಿರಬೇಕು. ಆಮೇಲೆ ಅದನ್ನು ಕೆಳಗಿಟ್ಟು, ಬುಟ್ಟಿಯಲ್ಲಿದ್ದ ಅರ್ಧ ಹುರುಳಿಕಾಯಿಯನ್ನು ಅವನ ಕುರ್ಚಿಯ ಕಡೆ ಸರಿಸಿದಳು.

“ನಾರು ಪೂರ್ತಿ ತೆಗೀರಿ” ಎಂದಳು. “ಅರ್ಧಕ್ಕೆ ಬಿಡಬೇಡಿ.”